ನಿಮಗಿದು ಗೊತ್ತೇ? ಕತ್ತಿಯ ನಿಜ ಹಿಡಿಯೊಳಗಿದೆ

ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ ಸೀಮೆಯಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂಬ ಮಾತು ಬಂದರೆ ರೇಷ್ಮೆಯೋ ಬೊಂಬೆಯೋ ನೆನಪಾಗುತ್ತದೆ. ಆದರೆ ಇದು ಉಕ್ಕು ಕಾಸಿದ ನೆಲವೂ ಹೌದು, ಕತ್ತಿ ಹಿಡಿದ ದಂಡುಗಳು ತುಳಿದ ನೆಲವೂ ಹೌದು. ಈಗ ಹಳೆಯ ಕತ್ತಿಗಳು ಮೊಬೈಲ್ ಪರದೆಯ ಮೇಲೇ ಮಾರಾಟಕ್ಕೆ ಬರುತ್ತವೆ. ಒಂದರ ಮೇಲೆ ‘ಟಿಪ್ಪು ಕಾಲದ್ದು’ ಎಂಬ ಚೀಟಿ, ಇನ್ನೊಂದರ ಮೇಲೆ ‘ಮಹಾಯುದ್ಧದ ಜಪಾನಿ ಅಧಿಕಾರಿಯದು’ ಎಂಬ ಚೀಟಿ. ನಕಲಿ ಮಾಡುವವನು ಕಣ್ಣಿಗೆ ಬೀಳುವ ಜಾಗಕ್ಕೆ ಮೆರುಗು ಕೊಡುತ್ತಾನೆ, ಕಾಣದ ಜಾಗದಲ್ಲಿ ಖರ್ಚು ಉಳಿಸುತ್ತಾನೆ. ಈ ಒಂದು ಸೂತ್ರವನ್ನು ಕೈಯಲ್ಲಿಟ್ಟುಕೊಂಡು ಮುಂದೆ ಓದಿ.

ನಮ್ಮ ಸೀಮೆಯ ಉಕ್ಕು

1. ಕನಕಪುರದ ಹಳೆಯ ಹೆಸರು ಕಾನಕಾನಹಳ್ಳಿ. 1791ರ ಮೇ ತಿಂಗಳಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್‌ನ ಸೈನ್ಯ ಈ ದಾರಿಯಲ್ಲೇ ಶ್ರೀರಂಗಪಟ್ಟಣದ ಕಡೆ ನಡೆಯಿತು. 1799ರಲ್ಲಿ ಜನರಲ್ ಹ್ಯಾರಿಸ್‌ನ ದಂಡು ಹೋದದ್ದೂ ಇಲ್ಲಿಂದಲೇ. ಶತ್ರುವಿಗೆ ಕಾಳು, ಮೇವು ಸಿಗಬಾರದೆಂದು ಟಿಪ್ಪುವೇ ಈ ಊರನ್ನು ಹಾಳುಗೆಡವಿದ್ದ.

2. ಮಾಗಡಿ ಪಕ್ಕದ ಸಾವನದುರ್ಗ ಬ್ರಿಟಿಷರ ವಶವಾದದ್ದು 1791ರ ಡಿಸೆಂಬರ್ 21ರಂದು. ಏರಲಾಗದ ಬಂಡೆಯೆಂದು ಹೆಸರಾಗಿದ್ದ ಕೋಟೆ ಅದು.

3. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ. ಮಾಗಡಿ ಬಳಿಯ ಕಬ್ಬಿಣದ ಕುಲುಮೆಗಳನ್ನು ಕಂಡು ಅವುಗಳ ಬಗ್ಗೆ ಬರೆದಿಟ್ಟ. ಆ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

4. ಬೊಂಬೆಯ ಊರಾದ ಚನ್ನಪಟ್ಟಣ ಆಗ ಉಕ್ಕಿನ ತಂತಿಗೂ ಹೆಸರುವಾಸಿ. ವಾದ್ಯಗಳಿಗೆ ಕಟ್ಟುವ ಇಲ್ಲಿಯ ತಂತಿ ಭಾರತದ ದೂರದೂರದ ಊರುಗಳಿಗೆ ಹೋಗುತ್ತಿತ್ತು ಎಂದು ಬುಕಾನನ್ ಹೇಳುತ್ತಾನೆ. ಅಷ್ಟು ಸಣ್ಣಗೆ ಎಳೆದರೂ ತುಂಡಾಗದ ತಂತಿಗೆ ಒಳ್ಳೆಯ ಉಕ್ಕೇ ಬೇಕು.

5. ಮೈಸೂರು ಸೀಮೆಯ ಕಮ್ಮಾರರು ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿ ಹಾಗೂ ಹಸಿ ಎಲೆ ಇಟ್ಟು, ಬಾಯಿಗೆ ಮಣ್ಣು ಮೆತ್ತಿ, ತಿದಿ ಒತ್ತಿ ಕಾಸುತ್ತಿದ್ದರು. ಸುಟ್ಟ ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಇಳಿದು ಉಕ್ಕಾಗುತ್ತಿತ್ತು.

6. ಈ ಮೂಸೆ ಉಕ್ಕಿನ ಗುಟ್ಟೇನು ಎಂದು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ 1795ರಲ್ಲಿ ಪ್ರಬಂಧ ಮಂಡಿಸಿದ. ವಿದ್ಯುತ್ತಿನ ಸಂಶೋಧನೆಗೆ ಹೆಸರಾದ ಮೈಕೆಲ್ ಫ್ಯಾರಡೆ ಕೂಡ ಆಮೇಲೆ, 1819ರಿಂದ ಕೆಲವು ವರ್ಷ, ಇದೇ ಉಕ್ಕಿನ ಬೆನ್ನು ಹತ್ತಿದ್ದ.

7. ಈ ಉಕ್ಕಿನಲ್ಲಿ ಇಂಗಾಲ ಶೇ 1.5ರ ಆಸುಪಾಸು ಇರುತ್ತದೆ. ಹದವರಿತು ಬಡಿದ ಅಲಗಿನ ಮೇಲೆ ಹರಿಯುವ ನೀರಿನಂಥ ಗೆರೆಗಳು ಏಳುತ್ತವೆ. ಅದಿರಿನಲ್ಲಿದ್ದ ವೆನೇಡಿಯಂನಂಥ ಧಾತುಗಳ ಸೋಂಕು ಈ ಗೆರೆಗಳಿಗೆ ಕಾರಣ ಎಂದು ಅಮೆರಿಕದ ವಿಜ್ಞಾನಿ ಜಾನ್ ವೆರ್ಹೋವೆನ್ ಮತ್ತು ಸಂಗಡಿಗರು 1998ರಲ್ಲಿ ವಿವರಿಸಿದರು.

8. ಜರ್ಮನಿಯ ಡ್ರೆಸ್ಡೆನ್‌ನ ವಿಜ್ಞಾನಿಗಳು 2006ರಲ್ಲಿ ಇಂಥದೇ ಮೂಸೆ ಉಕ್ಕಿನಿಂದಾದ 17ನೇ ಶತಮಾನದ ಡಮಾಸ್ಕಸ್ ಕತ್ತಿಯೊಂದರ ಚೂರನ್ನು ಪರೀಕ್ಷಿಸಿ, ಅದರೊಳಗೆ ಇಂಗಾಲದ ನ್ಯಾನೋ ಕೊಳವೆಗಳು ಸಿಕ್ಕಿವೆ ಎಂದು ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು.

9. ನಕಲಿ ಮಾಡುವವರು ಮಾಮೂಲಿ ಉಕ್ಕಿನ ಮೇಲೆ ಆಸಿಡ್‌ನಿಂದ ನೀರಗೆರೆ ಬರೆಯುತ್ತಾರೆ. ಇದು ಮೇಲ್ಮೈಯ ಚಿತ್ರ ಅಷ್ಟೆ, ಉಜ್ಜಿದರೆ ಶಾಶ್ವತವಾಗಿ ಹೋಗುತ್ತದೆ. ಅಸಲಿ ಗೆರೆ ಲೋಹದ ಒಡಲಲ್ಲಿರುವುದರಿಂದ, ಅಲಗನ್ನು ನುಣುಪು ಮಾಡಿದರೂ ತಜ್ಞರು ಮತ್ತೆ ಹದವಾಗಿ ಆಸಿಡ್ ಹಚ್ಚಿದಾಗ ಏಳುತ್ತದೆ. ಮನೆಯಲ್ಲಿ ಈ ಪರೀಕ್ಷೆಗೆ ಕೈಹಾಕಬೇಡಿ.

10. ‘ಡಮಾಸ್ಕಸ್’ ಹೆಸರಿನಲ್ಲಿ ಇಂದು ಮಾರುವ ಬಹುಪಾಲು ಚಾಕು, ಕತ್ತಿಗಳು ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು ಮಾಡಿದವು. ಅವುಗಳ ಗೆರೆ ದಪ್ಪ, ಒಂದೇ ವಿನ್ಯಾಸ ಮತ್ತೆ ಮತ್ತೆ ಬರುತ್ತದೆ. ಮೂಸೆ ಉಕ್ಕಿನ ಗೆರೆ ಸಣ್ಣದು, ಒಂದರಂತೆ ಇನ್ನೊಂದು ಇರುವುದಿಲ್ಲ.

ಟಿಪ್ಪು ಹೆಸರಿನ ಕತ್ತಿಗಳು

11. ಟಿಪ್ಪುವಿನ ಖಾಸಾ ಕೋಣೆಯಲ್ಲಿ ಸಿಕ್ಕ ಕತ್ತಿಯೊಂದು 2023ರ ಮೇ 23ರಂದು ಲಂಡನ್ನಿನ ಬೊನ್‌ಹ್ಯಾಮ್ಸ್ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಹೋಯಿತು. ಶ್ರೀರಂಗಪಟ್ಟಣದ ದಾಳಿಯನ್ನು ಮುನ್ನಡೆಸಿದ ಜನರಲ್ ಡೇವಿಡ್ ಬೇರ್ಡ್‌ಗೆ ಅದು ಕಾಣಿಕೆಯಾಗಿ ಸಂದಿತ್ತು.

12. ಆ ಕತ್ತಿಯ ಅಲಗು ಜರ್ಮನ್ ಮಾದರಿಯದು. 16ನೇ ಶತಮಾನದಲ್ಲಿ ಭಾರತಕ್ಕೆ ಬಂದ ಜರ್ಮನ್ ಅಲಗುಗಳನ್ನು ನೋಡಿ ಮೊಗಲ್ ಕಮ್ಮಾರರು ಮಾಡಿದ ಕೆಲಸ ಅದು. ಹಾಗಾಗಿ ‘ಅಲಗು ವಿಲಾಯಿತಿಯಂತಿದೆ, ಆದ್ದರಿಂದ ನಕಲಿ’ ಎನ್ನುವ ತೀರ್ಪು ಇಲ್ಲಿ ನಡೆಯುವುದಿಲ್ಲ.

13. ‘ಬಬ್ರಿ’ ಎಂಬ ಹುಲಿಪಟ್ಟೆ ಟಿಪ್ಪುವಿನ ಗುರುತು. ಸೈನಿಕರ ಅಂಗಿ, ಬಂದೂಕು, ಕತ್ತಿಯ ಹಿಡಿ ಎಲ್ಲೆಡೆ ಅದು ಕಾಣುತ್ತದೆ. ನಕಲಿಯವರೂ ಮೊದಲು ಬಿಡಿಸುವುದು ಅದನ್ನೇ. ಲೋಹವನ್ನು ಕೊರೆದು ಚಿನ್ನ ಕೂರಿಸಿದ ಪಟ್ಟೆಗೂ, ಮೇಲೆ ಬಳಿದ ಚಿನ್ನದ ಬಣ್ಣಕ್ಕೂ ಇರುವ ಅಂತರ ಭೂತಗನ್ನಡಿಯಲ್ಲಿ ಕಾಣುತ್ತದೆ.

14. ಟಿಪ್ಪು ತನ್ನದೇ ಆದ ಮೌಲೂದಿ ಶಕೆ ತಂದ ಮೇಲೆ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ನಾಣ್ಯಗಳ ಮೇಲೆ 1215 ಎಂಬುದು ನಮ್ಮ ಓದಿನ ಕ್ರಮದಲ್ಲಿ 5121 ಎಂದು ಕಾಣುತ್ತದೆ. ಈ ಪದ್ಧತಿ ತಿಳಿಯದೆ ಇಸವಿ ಕೆತ್ತಿದವನು ಅಲ್ಲೇ ಸಿಕ್ಕಿಬೀಳುತ್ತಾನೆ.

15. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಅರಮನೆಯ ಆಯುಧಗಳು ಲೂಟಿಯಲ್ಲಿ ಚದುರಿಹೋದವು. ಆದ್ದರಿಂದ ಟಿಪ್ಪುವಿನದು ಎನ್ನುವ ಕತ್ತಿಗೆ ಅಂದಿನಿಂದ ಇಂದಿನವರೆಗೆ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಕಾಗದದ ಜಾಡು ಬೇಕು. ಬರೀ ಬಾಯಿಮಾತಿಗೆ ಬೆಲೆಯಿಲ್ಲ.

ಜಪಾನಿನ ಕತ್ತಿ ಸೈನ್ಯಕ್ಕೆ ಸೇರಿದ್ದು

16. ಜಪಾನಿನಲ್ಲಿ 1876ರ ಆಜ್ಞೆಯೊಂದು ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ತಿರುಗುವುದನ್ನು ನಿಷೇಧಿಸಿತು. ಸೈನಿಕರು, ಪೊಲೀಸರಂಥವರಿಗೆ ಮಾತ್ರ ವಿನಾಯಿತಿ. ಸಮುರಾಯಿಗಳ ಕಾಲ ಮುಗಿದದ್ದು ಹೀಗೆ. ಮುಂದೆ ಸೇನಾ ಕತ್ತಿ ಯುರೋಪಿನ ಮಾದರಿಗೆ ಹೊರಳಿತು.

17. 1934ರಲ್ಲಿ ಸೇನೆ ಮತ್ತೆ ಹಳೆಯ ದೇಶಿ ರೂಪಕ್ಕೆ ಮರಳಿತು. ಈ ಹೊಸ ಸೇನಾ ಕತ್ತಿಗೆ ‘ಶಿನ್-ಗುಂಟೊ’ ಎಂದು ಹೆಸರು. ಮೊದಲ ಮಾದರಿ ಟೈಪ್ 94, ಅದರ ಒರೆಗೆ ಎರಡು ತೂಗುಬಳೆ. 1938ರ ಟೈಪ್ 98ಕ್ಕೆ ಒಂದೇ.

18. ಟೈಪ್ 94 ಎಂದರೆ 1894ರದ್ದಲ್ಲ. ಜಪಾನಿನ ಸಾಮ್ರಾಜ್ಯ ಶಕೆಯ 2594ನೇ ವರ್ಷದ ಕೊನೆಯ ಎರಡಂಕಿ ಅದು, ಅಂದರೆ ಕ್ರಿ.ಶ. 1934. ಟೈಪ್ 98 ಕತ್ತಿಯನ್ನು ‘1898ರ ಸಮುರಾಯಿ ಕತ್ತಿ’ ಎಂದು ಮಾರುವವನಿಗೆ ತಾನು ಮಾರುವ ವಸ್ತುವೇ ಗೊತ್ತಿಲ್ಲ.

19. ಅಶ್ವದಳದ ಟೈಪ್ 32 ಕತ್ತಿಗೆ ಮಾತ್ರ ಈ ಲೆಕ್ಕ ಬೇರೆ. ಅದು ಮೇಜಿ ಚಕ್ರವರ್ತಿ ಪಟ್ಟಕ್ಕೆ ಬಂದ ಕಾಲದಿಂದ ಎಣಿಸುವ 32ನೇ ವರ್ಷ, 1899.

20. ಸಾರ್ಜೆಂಟ್ ದರ್ಜೆಯವರಿಗೆ 1935ರಲ್ಲಿ ಟೈಪ್ 95 ಬಂತು. ಅಲಗು ಯಂತ್ರದಲ್ಲಿ ತಯಾರಾದದ್ದು. ಹಿಡಿಯ ಮೇಲೆ ದಾರ ಸುತ್ತಿದಂತೆ ಕಂಡರೂ ಅದು ಎರಕ ಹೊಯ್ದ ಲೋಹ. ಮೊದಮೊದಲು ತಾಮ್ರ, ಆಮೇಲೆ ಬಣ್ಣ ಹಚ್ಚಿದ ಅಲ್ಯೂಮಿನಿಯಂ.

21. ನೌಕಾಪಡೆಯ ‘ಕಾಯ್-ಗುಂಟೊ’ 1937ರದು. ಕಡಲ ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದೆಂದು ಇವುಗಳಲ್ಲಿ ಅನೇಕಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಅಲಗು ಹಾಕಿದರು. ‘ಸ್ಟೇನ್‌ಲೆಸ್ ಆದರೆ ಖಂಡಿತ ನಕಲಿ’ ಎನ್ನುವವರು ನೌಕಾಪಡೆಯನ್ನು ಮರೆತಿರುತ್ತಾರೆ.

22. ರೈಲು ಕಂಪನಿಯೊಂದು ಕತ್ತಿ ಮಾಡಿತ್ತು ಎಂದರೆ ನಂಬುತ್ತೀರಾ? ಮಂಚೂರಿಯಾದಲ್ಲಿ ರೈಲು ಓಡಿಸುತ್ತಿದ್ದ ದಕ್ಷಿಣ ಮಂಚೂರಿಯಾ ರೈಲ್ವೆ ಯುದ್ಧಕಾಲದಲ್ಲಿ ಅಧಿಕಾರಿಗಳಿಗೆಂದು ಅಲಗುಗಳನ್ನು ತಯಾರಿಸಿತು. ಸಂಗ್ರಾಹಕರು ಅವನ್ನು ‘ಮಾಂಟೆತ್ಸು’ ಎನ್ನುತ್ತಾರೆ. ಬೇಡಿಕೆ ಇರುವುದರಿಂದ ಅದರ ನಕಲಿಗಳೂ ಇವೆ.

23. ಹಿಡಿಗೆ ಕಟ್ಟುವ ಕುಚ್ಚು ದರ್ಜೆ ಹೇಳುತ್ತದೆ. 1938ರಿಂದ ಕ್ಯಾಪ್ಟನ್‌ವರೆಗಿನವರಿಗೆ ನೀಲಿ–ಕಂದು, ಮೇಜರ್‌ನಿಂದ ಕರ್ನಲ್‌ವರೆಗೆ ಕೆಂಪು–ಕಂದು, ಜನರಲ್‌ಗಳಿಗೆ ಕೆಂಪು–ಚಿನ್ನ. ಸಾರ್ಜೆಂಟ್ ಕತ್ತಿಗೆ ಜನರಲ್ ಕುಚ್ಚು ನೇತಾಡುತ್ತಿದ್ದರೆ ಆಮೇಲೆ ಯಾರೋ ಕಟ್ಟಿದ್ದು ಎಂದರ್ಥ.

ನಮ್ಮವರು ಈ ಕತ್ತಿಗೆ ಎದುರಾದದ್ದು

24. ಮೈಸೂರು ಸಂಸ್ಥಾನದ ಪದಾತಿದಳದ 1ನೇ ಬೆಟಾಲಿಯನ್ ಸಿಂಗಪುರದಲ್ಲಿತ್ತು. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನಿಗೆ ಶರಣಾದಾಗ ಅದರ ಸೈನಿಕರೂ ಸೆರೆಯಾದರು.

25. ಅದಕ್ಕೂ ಮೊದಲಿನ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಲ್ಯಾನ್ಸರ್ಸ್ ಕುದುರೆಪಡೆ ಜೋಧಪುರದ ಸವಾರರೊಂದಿಗೆ ಹೈಫಾ ಊರನ್ನು ಗೆದ್ದಿತು. ಎದುರಿಗೆ ಮೆಷಿನ್‌ಗನ್, ಇವರ ಕೈಯಲ್ಲಿ ಈಟಿ, ಕತ್ತಿ.

26. 1945ರಲ್ಲಿ ಜಪಾನ್ ಸೋತಾಗ, ಕತ್ತಿ ಒಪ್ಪಿಸುವ ಹಳೆಯ ಶಾಸ್ತ್ರ ಬೇಡ ಎಂಬುದು ಜನರಲ್ ಮೆಕಾರ್ಥರ್ ನಿಲುವು. ಬರ್ಮಾ ಗೆದ್ದ ಜನರಲ್ ಸ್ಲಿಮ್ ಒಪ್ಪಲಿಲ್ಲ. ಜಪಾನಿ ಅಧಿಕಾರಿಗಳು ತಮ್ಮ ಸೈನಿಕರ ಎದುರೇ ಕತ್ತಿ ಒಪ್ಪಿಸಬೇಕೆಂದು ಹಟ ಹಿಡಿದು ಹಾಗೆಯೇ ಮಾಡಿಸಿದರು. ಜನರಲ್ ಕಿಮುರಾ ಒಪ್ಪಿಸಿದ ಕತ್ತಿ ಸ್ಲಿಮ್ ಮನೆ ಸೇರಿತು. ಇಂಥ ಶರಣಾಗತಿಗಳಲ್ಲಿ ಸಿಕ್ಕ ಕತ್ತಿಗಳು ಸೈನಿಕರ ಪೆಟ್ಟಿಗೆಗಳಲ್ಲಿ ಹಲವು ದೇಶಗಳಿಗೆ ಹೋದವು.

27. ಕೊಡಗಿನ ಕೆ.ಎಸ್. ತಿಮ್ಮಯ್ಯ ಬರ್ಮಾದ ಕಂಗಾವ್ ಕಾಳಗದಲ್ಲಿ 8/19 ಹೈದರಾಬಾದ್ ಬೆಟಾಲಿಯನ್ ಮುನ್ನಡೆಸಿ ಡಿಎಸ್‌ಒ ಪದಕ ಪಡೆದರು. ಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಬೀಡುಬಿಟ್ಟ 268ನೇ ಭಾರತೀಯ ಬ್ರಿಗೇಡಿಗೆ ಅವರೇ ಮುಖ್ಯಸ್ಥರು. ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ 2021ರ ಫೆಬ್ರವರಿ 6ರಿಂದ ವಸ್ತುಸಂಗ್ರಹಾಲಯವಾಗಿದೆ.

28. ಆ ಬ್ರಿಗೇಡ್ ಕಾವಲಿದ್ದ ಶಿಮಾನೆ ಪ್ರಾಂತ್ಯ ಜಪಾನಿ ಕತ್ತಿಯ ಉಕ್ಕಿನ ತವರು. ಕಪ್ಪು ಕಬ್ಬಿಣದ ಮರಳನ್ನು ‘ತತಾರಾ’ ಕುಲುಮೆಯಲ್ಲಿ ಮೂರು ಹಗಲು, ಮೂರು ರಾತ್ರಿ ಕಾಸಿ ‘ತಮಾಹಾಗಾನೆ’ ಉಕ್ಕು ತೆಗೆಯುತ್ತಾರೆ. ಸುಮಾರು 10 ಟನ್ ಮರಳು, 12 ಟನ್ ಇದ್ದಿಲು ಹಾಕಿದರೆ ಸಿಗುವ ಗಟ್ಟಿ ಎರಡೂವರೆ ಟನ್. ಅದರಲ್ಲೂ ಕತ್ತಿಗೆ ತಕ್ಕ ಉಕ್ಕು ಒಂದು ಟನ್ನಿಗೂ ಕಡಿಮೆ. ನಿಂತುಹೋಗಿದ್ದ ಈ ಕೆಲಸ 1977ರಲ್ಲಿ ಮತ್ತೆ ಶುರುವಾಯಿತು.

ನಕಲಿ ಸಿಕ್ಕಿಬೀಳುವ ಜಾಗಗಳು

29. ಜಪಾನಿ ಅಧಿಕಾರಿಯ ಕತ್ತಿಯಲ್ಲಿ ಅಲಗನ್ನು ಹಿಡಿಗೆ ಕಚ್ಚಿಸುವುದು ಬಿದಿರಿನ ಒಂದು ಸಣ್ಣ ಗೂಟ. ಅದನ್ನು ತಟ್ಟಿ ತೆಗೆದರೆ ಹಿಡಿ ಕಳಚಿಕೊಳ್ಳುತ್ತದೆ. ಎಷ್ಟೋ ನಕಲಿಗಳಲ್ಲಿ ಹಿಡಿ ಬಿಚ್ಚಲಿಕ್ಕೇ ಬರುವುದಿಲ್ಲ, ಬಂದರೆ ಒಳಗೆ ಅಲಗಿಗೆ ವೆಲ್ಡ್ ಮಾಡಿದ ಸರಳು, ತುದಿಗೆ ನಟ್ಟು ಸಿಗುತ್ತದೆ.

30. ಹಿಡಿಯೊಳಗಿನ ಬುಡಕ್ಕೆ ಜಪಾನಿನಲ್ಲಿ ‘ನಕಾಗೊ’ ಎನ್ನುತ್ತಾರೆ. ಇಡೀ ಕತ್ತಿಯಲ್ಲಿ ಉಜ್ಜದೆ ಬಿಡುವ ಜಾಗ ಇದೊಂದೇ. ಕಾಲಕ್ಕೆ ಬಂದ ತುಕ್ಕು ಕಪ್ಪು–ಕಂದು, ಗಟ್ಟಿ, ಕೈಗೆ ಅಂಟದು. ಆಸಿಡ್ ಹಚ್ಚಿ ಬರಿಸಿದ ತುಕ್ಕು ಕಿತ್ತಳೆ ಬಣ್ಣದ್ದು, ಪುಡಿ ಪುಡಿ, ಎಲ್ಲೆಡೆ ಒಂದೇ ಸಮ.

31. ಈ ತುಕ್ಕನ್ನು ಎಂದಿಗೂ ತೆಗೆಯಬಾರದು. ಅದೇ ಕತ್ತಿಯ ವಯಸ್ಸಿನ ದಾಖಲೆ. ಮಾಲೀಕರೇ ಶ್ರದ್ಧೆಯಿಂದ ಉಜ್ಜಿ ಹೊಳಪಿಸಿ, ಅಸಲಿ ಕತ್ತಿಯ ಬೆಲೆಯನ್ನು ಪಾತಾಳಕ್ಕಿಳಿಸಿದ ಉದಾಹರಣೆಗಳಿವೆ.

32. ಕಮ್ಮಾರನ ಹೆಸರು ಇರುವುದೂ ಬುಡದ ಮೇಲೆಯೇ. ಉಳಿಯಿಂದ ಒಂದೊಂದೇ ಏಟು ಹಾಕಿ ಕೊರೆದ ಅಕ್ಷರದಲ್ಲಿ ಏಟಿನ ಜಾಡು ಕಾಣುತ್ತದೆ. ನಕಲಿಯಲ್ಲಿ ಅಕ್ಷರ ಯಂತ್ರದಿಂದ ಗೀಚಿದ್ದು, ಎಷ್ಟೋ ಸಲ ಅದು ಅಕ್ಷರವೇ ಅಲ್ಲ, ಅಕ್ಷರದಂತೆ ಕಾಣುವ ಗೀಟು.

33. ಬುಡದಲ್ಲಿ ಹೂವಿನಂಥ ಸಣ್ಣ ಮುದ್ರೆಯೋ, ಸೆಕಿ ಊರಿನ ಮುದ್ರೆಯೋ ಇದ್ದರೆ ಅದು ನಕಲಿ ಎಂದಲ್ಲ. ಸಾಂಪ್ರದಾಯಿಕ ಪದ್ಧತಿ ಬಿಟ್ಟು ಯುದ್ಧಕಾಲದಲ್ಲಿ ತಯಾರಾದ ಸೇನಾ ಅಲಗು ಎಂದರ್ಥ. ಬುಡದ ಮೇಲಿನ ನಕ್ಷತ್ರ ಮುದ್ರೆ, ಸೇನೆ ಒಪ್ಪಿದ ಕಮ್ಮಾರ ಕೈಯಿಂದ ಮಾಡಿದ್ದರ ಗುರುತು.

34. ಅಲಗಿನ ಅಂಚಿನುದ್ದಕ್ಕೂ ಮೋಡದಂತೆ ಹರಿಯುವ ಬಿಳಿ ಗೆರೆಗೆ ‘ಹಮೊನ್’ ಎಂದು ಹೆಸರು. ಅಲಗಿಗೆ ಮಣ್ಣು ಬಳಿದು, ಕಾಸಿ, ಥಟ್ಟನೆ ತಣಿಸಿದಾಗ ಅಂಚು ಹೆಚ್ಚು ಗಡುಸಾಗಿ ಈ ಗೆರೆ ಹುಟ್ಟುತ್ತದೆ. ದೀಪಕ್ಕೆ ಓರೆಯಾಗಿ ಹಿಡಿದರೆ ಅದರೊಳಗೆ ಸೂಕ್ಷ್ಮ ಕಣಗಳು ಮಿನುಗುತ್ತವೆ. ಆಸಿಡ್‌ನಿಂದಲೋ ತಂತಿಬ್ರಷ್‌ನಿಂದಲೋ ಎಳೆದ ಗೆರೆ ಬರೀ ಮಂಕು ಬಿಳುಪು.

35. ಸೇನಾ ಅಲಗುಗಳಲ್ಲಿ ಬಹಳಷ್ಟನ್ನು ಎಣ್ಣೆಯಲ್ಲಿ ತಣಿಸಿದ್ದರು. ಅವುಗಳಲ್ಲಿ ಗೆರೆ ಇದ್ದರೂ ಮಿನುಗು ಕಡಿಮೆ. ಹಾಗಾಗಿ ಹಮೊನ್ ಒಂದನ್ನೇ ನಂಬಿ ತೀರ್ಪು ಕೊಡುವುದು ಬೇಡ, ಬುಡವನ್ನೂ ನೋಡಬೇಕು.

36. ತುದಿಯ ಹತ್ತಿರ ಅಲಗಿಗೆ ಅಡ್ಡವಾಗಿ ಒಂದು ಏಣು ಇರುತ್ತದೆ, ಬೆರಳಿಗೆ ಸಿಗುವಷ್ಟು ಚೂಪು. ನಕಲಿಯಲ್ಲಿ ಏಣಿಲ್ಲ, ಆ ಜಾಗದಲ್ಲಿ ಗೀರಿದ ಗೆರೆ ಮಾತ್ರ. ಎರಡೂ ಕಡೆಯ ಬೆಳಕು ಬೇರೆ ಬೇರೆಯಾಗಿ ಬೀಳದಿದ್ದರೆ ಅನುಮಾನ ಪಡಿ.

37. ಕೈಕಾಪಿನ ಬಿಲ್ಲೆಯ ಎರಡೂ ಪಕ್ಕ ತೆಳುವಾದ ಲೋಹದ ಬಿಲ್ಲೆಗಳು ಜೋಡಿಯಾಗಿ ಕೂರುತ್ತವೆ. ಕಾರ್ಖಾನೆಯಲ್ಲಿ ಒಂದು ಕತ್ತಿಯ ಬಿಡಿಭಾಗ ಇನ್ನೊಂದಕ್ಕೆ ಬೆರೆಯದಿರಲೆಂದು ಅವುಗಳಿಗೆ ಒಂದೇ ಸಂಖ್ಯೆ ಒತ್ತುತ್ತಿದ್ದರು. ಎಲ್ಲ ಬಿಲ್ಲೆಗಳ ಮೇಲೂ ಅದೇ ಸಂಖ್ಯೆ ಸಿಕ್ಕರೆ ಶುಭ ಸೂಚನೆ. ಯಾರೂ ನೋಡದ ಜಾಗಕ್ಕೆ ನಕಲಿಯವನು ಸಂಖ್ಯೆ ಒತ್ತುವ ಗೋಜಿಗೆ ಹೋಗುವುದು ಅಪರೂಪ.

38. ಹಿಡಿಯ ದಾರದ ಕೆಳಗೆ ಕಾಣುವ ಬಿಳಿ ಹರಳು ಹರಳಾದ ಹಾಸು ತೊರಕೆ ಮೀನಿನ ಚರ್ಮ. ನಿಜ ಚರ್ಮದಲ್ಲಿ ಹರಳು ದೊಡ್ಡದು, ಚಿಕ್ಕದು ಬೆರೆತಿರುತ್ತವೆ. ಪ್ಲಾಸ್ಟಿಕ್ಕಿನಲ್ಲಿ ಎಲ್ಲವೂ ಒಂದೇ ಅಳತೆ.

39. ಎಲ್ಲಕ್ಕಿಂತ ಹೆಚ್ಚು ನಕಲಾಗುವವುಗಳಲ್ಲಿ ಸಾರ್ಜೆಂಟರ ಟೈಪ್ 95 ಒಂದು. ಅಸಲಿಯಲ್ಲಿ ಅಲಗಿನ ಮೇಲೆ, ಹಿಡಿಗೆ ಸಮೀಪ, ಅಚ್ಚುಕಟ್ಟಾದ ಕ್ರಮಸಂಖ್ಯೆ ಇರುತ್ತದೆ. ಜೊತೆಗೆ ತಪಾಸಣೆಯ ಪುಟ್ಟ ಮುದ್ರೆಗಳು. ಒರೆಯ ಬಾಯಿಯ ಸಂಖ್ಯೆ ಅಲಗಿನ ಸಂಖ್ಯೆಗೆ ತಾಳೆಯಾದರೆ ಬೆಲೆ ಏರುತ್ತದೆ. ನಕಲಿಯಲ್ಲಿ ಅಂಕಿಗಳು ಸೊಟ್ಟ, ಆಳ, ಅಳತೆಗೆಟ್ಟವು. ಎರಕದ ಹಿಡಿಯ ಮೇಲಿನ ದಾರದ ವಿನ್ಯಾಸವೂ ಮಸುಕು.

40. ಅಲಗಿನ ಮೇಲೆ ಚಿನ್ನದ ಬಣ್ಣದ ಡ್ರ್ಯಾಗನ್, ಉದ್ದುದ್ದ ಬರಹ, ಪದರ ಬೆಸೆದ ಡಮಾಸ್ಕಸ್ ಗೆರೆ ಇವೆಲ್ಲ ಇದ್ದರೆ ಹೆಚ್ಚು ಯೋಚಿಸಬೇಕಿಲ್ಲ. ಜಪಾನಿ ಸೇನೆ ಅಧಿಕಾರಿಗೆ ಕೊಟ್ಟದ್ದು ಯುದ್ಧದ ಸಲಕರಣೆ, ಜಾತ್ರೆಯ ಅಲಂಕಾರವಲ್ಲ.

41. ಅಂದಗೇಡಿ ಕತ್ತಿ ಅಸಲಿಯಾಗಿರಬಹುದು! ಯುದ್ಧದ ಕೊನೆಗೆ ಲೋಹ ಸಾಲದೆ ಟೈಪ್ 95ಕ್ಕೆ ಗೀರು ಕೊರೆದ ಮರದ ಹಿಡಿ, ಒರಟು ಕಬ್ಬಿಣದ ಕೈಕಾಪು ಹಾಕಿದರು. ಹೊಸಬರು ಇದನ್ನು ನಕಲಿ ಎಂದು ಬಿಟ್ಟು, ಪಕ್ಕದಲ್ಲಿ ಥಳಥಳಿಸುವ ನಕಲಿಗೆ ಹಣ ಕೊಡುತ್ತಾರೆ.

42. ಇದಕ್ಕೆ ತಿರುಗಾ ಮುರುಗಾ ಇನ್ನೊಂದು. ಸೇನೆಯ ಮಾಮೂಲಿ ಹಿಡಿ, ಒರೆಯೊಳಗೆ ಶತಮಾನಗಳ ಹಿಂದಿನ ಅಲಗು ಇರುವುದುಂಟು. ಮನೆತನದ ಕತ್ತಿಗೆ ಸೇನೆಯ ಉಡುಪು ತೊಡಿಸಿ ಯುದ್ಧಕ್ಕೆ ಒಯ್ದ ಅಧಿಕಾರಿಗಳಿದ್ದರು. ಬುಡ ನೋಡದೆ ಗುಜರಿ ಬೆಲೆಗೆ ಮಾರಿದರೆ ನಷ್ಟ ಮಾರುವವನಿಗೇ.

43. ಜಪಾನಿನ ಅತಿ ಪ್ರಸಿದ್ಧ ಕತ್ತಿಗಳಲ್ಲಿ ಒಂದಾದ ‘ಹೊಂಜೊ ಮಸಾಮುನೆ’ ಇಂದಿಗೂ ನಾಪತ್ತೆ. 1945ರ ಡಿಸೆಂಬರಿನಲ್ಲಿ ತೊಕುಗಾವಾ ಮನೆತನದವರು ಅದನ್ನು ಟೋಕಿಯೊದ ಪೊಲೀಸ್ ಠಾಣೆಗೆ ಒಪ್ಪಿಸಿದ್ದರು. ಅಲ್ಲಿಂದ ಮುಂದೆ ಜಾಡು ತಪ್ಪಿತು.

44. ನಕಲಿ ಹಾವಳಿ ಇಂದಿನದಲ್ಲ. 17ನೇ ಶತಮಾನದ ಕಮ್ಮಾರ ಕೊತೆತ್ಸುವಿನ ಸಹಿಯನ್ನು ಎಷ್ಟು ಜನ ಕದ್ದರೆಂದರೆ, ಅವನ ಹೆಸರಿನ ಕತ್ತಿ ಕಂಡರೆ ಮೊದಲು ನಕಲಿ ಎಂದೇ ಭಾವಿಸುವುದು ಜಪಾನಿನ ತಜ್ಞರಲ್ಲಿ ರೂಢಿಯಾಯಿತು.

ಮನೆಯಲ್ಲಿ ಹಳೆಯ ಕತ್ತಿ ಇದ್ದರೆ

45. ಹಿತ್ತಾಳೆ ಪಾತ್ರೆಗೆ ಹಚ್ಚುವ ಹುಣಸೆಹಣ್ಣು, ಬೂದಿ, ಇಟ್ಟಿಗೆ ಪುಡಿ ಕತ್ತಿಗೆ ಬೇಡವೇ ಬೇಡ. ಹುಣಸೆಯ ಹುಳಿ ಉಕ್ಕನ್ನು ತಿನ್ನುತ್ತದೆ, ಪುಡಿ ಅಲಗಿನ ನೀರಗೆರೆಯನ್ನೋ ಹಮೊನ್ ಅನ್ನೋ ಗೀರಿ ಅಳಿಸುತ್ತದೆ.

46. ಆಯುಧಪೂಜೆಯ ಒದ್ದೆ ಕುಂಕುಮ, ಗಂಧ ಅಲಗಿನ ಮೇಲೆ ಉಳಿದರೆ ಬೆಳಗಾಗುವುದರೊಳಗೆ ತುಕ್ಕಿನ ಚುಕ್ಕೆ ಏಳಬಹುದು. ಬೊಟ್ಟನ್ನು ಒರೆಗೋ ಹಿಡಿಗೋ ಇಟ್ಟರೆ ಪೂಜೆಯೂ ಆಯಿತು, ಕತ್ತಿಯೂ ಉಳಿಯಿತು.

47. ಜಪಾನಿನಲ್ಲಿ ಅಲಗಿಗೆ ಸವರುವ ಎಣ್ಣೆಗೆ ಲವಂಗದ ಘಮ. ಖನಿಜ ತೈಲಕ್ಕೆ ತುಸು ಲವಂಗದೆಣ್ಣೆ ಬೆರೆಸಿರುತ್ತಾರೆ. ಬರಿ ಬೆರಳಿನಿಂದ ಅಲಗು ಮುಟ್ಟುವುದು ಅಲ್ಲಿ ದೊಡ್ಡ ತಪ್ಪು, ಬೆವರಿನ ಉಪ್ಪೇ ತುಕ್ಕಿಗೆ ಸಾಕು.

ಕಾನೂನು ಏನನ್ನುತ್ತದೆ?

48. ಯಂತ್ರದಲ್ಲಿ ಮಾಡಿದ ಸೇನಾ ಕತ್ತಿಯನ್ನು ಇಟ್ಟುಕೊಳ್ಳಲು ಅದರ ತವರಾದ ಜಪಾನಿನಲ್ಲೇ ಅನುಮತಿಯಿಲ್ಲ! ಸಾಂಪ್ರದಾಯಿಕ ಪದ್ಧತಿಯಲ್ಲಿ ಮಾಡಿದ, ಕಲೆಯ ಬೆಲೆಯುಳ್ಳ ಕತ್ತಿಗೆ ಮಾತ್ರ ಅಲ್ಲಿ ನೋಂದಣಿ. ಪರವಾನಗಿ ಇರುವ ಕಮ್ಮಾರ ತಿಂಗಳಿಗೆ ಎರಡಕ್ಕಿಂತ ಹೆಚ್ಚು ಉದ್ದ ಕತ್ತಿ ಮಾಡುವಂತಿಲ್ಲ.

49. ನಮ್ಮಲ್ಲಿ ಕತ್ತಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಮಾಡಿ ಮಾರಲು ಪರವಾನಗಿ ಬೇಕು. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಇಟ್ಟುಕೊಳ್ಳಲೂ ಬೇಕು. ಕೊಳ್ಳುವ ಮೊದಲು ಠಾಣೆಯಲ್ಲಿ ವಿಚಾರಿಸುವುದು ಕ್ಷೇಮ.

50. ನೂರು ವರ್ಷ ದಾಟಿದ ಚಾರಿತ್ರಿಕ ಮಹತ್ವದ ವಸ್ತು 1972ರ ಪುರಾವಸ್ತು ಕಾಯ್ದೆಗೆ ಒಳಪಡುತ್ತದೆ, ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಟಿಪ್ಪು ಕಾಲದ್ದು ಎಂದು ಹೇಳಿ ಹಣ ಪಡೆದು, ‘ವಿದೇಶಕ್ಕೂ ಪಾರ್ಸೆಲ್ ಮಾಡುತ್ತೇವೆ’ ಎನ್ನುವವನು ಒಂದೋ ಕಾನೂನು ಮುರಿಯುತ್ತಿದ್ದಾನೆ, ಇಲ್ಲವೇ ಸುಳ್ಳು ಹೇಳುತ್ತಿದ್ದಾನೆ.

ನಮ್ಮೂರಲ್ಲೂ ಅದೇ ಸೂತ್ರ

51. ಚನ್ನಪಟ್ಟಣದ ಬೊಂಬೆಯ ಬಣ್ಣ ಬಳಿದದ್ದಲ್ಲ. ಪಟ್ಟಡಿಯಲ್ಲಿ ತಿರುಗುವ ಹಾಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದಾಗ, ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೆರುಗಿಗೆ ಕೇದಗೆ ಜಾತಿಯ ಗರಿ ಒತ್ತುತ್ತಾರೆ. ಪೇಂಟ್ ಹೊಡೆದ ನಕಲಿಯಲ್ಲಿ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಬೊಂಬೆಯನ್ನು ಮಗುಚಿ ತಳ ನೋಡಿ.

52. ಕೆಎಸ್‌ಐಸಿ ಮೈಸೂರು ರೇಷ್ಮೆ ಸೀರೆಯ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ. ಪ್ರತಿ ಸೀರೆಗೂ ಅದರದ್ದೇ ಗುರುತಿನ ಸಂಖ್ಯೆ ಮತ್ತು ಹೊಲೋಗ್ರಾಂ ಇದೆ. ಅಂಗಡಿಯಲ್ಲಿ ಸೆರಗಿಗೆ ಮರುಳಾಗುವ ಮುನ್ನ ಆ ಸಂಖ್ಯೆ ಹುಡುಕಿ.

53. ರೇಷ್ಮೆ ನೂಲಿನ ಎಳೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

54. ಕತ್ತಿ ಕೊಳ್ಳುವವರು ಮಾರುವವನನ್ನು ಕೇಳಬೇಕಾದ್ದು ನಾಲ್ಕೇ. ಹಿಡಿ ಬಿಚ್ಚಿ ಬುಡದ ಎರಡೂ ಕಡೆಯ ಫೋಟೊ ಕೊಡುತ್ತೀರಾ? ಬಿಡಿಭಾಗಗಳ ಸಂಖ್ಯೆ ತಾಳೆಯಾಗುತ್ತದೆಯೇ? ಇದು ನಿಮಗೆ ಯಾರಿಂದ ಬಂತು, ಕಾಗದ ಇದೆಯೇ? ತಜ್ಞರು ನಕಲಿ ಎಂದರೆ ಹಣ ಮರಳಿಸುತ್ತೀರಾ? ಮೊದಲ ಪ್ರಶ್ನೆಗೇ ‘ಹಿಡಿ ಬಿಚ್ಚಿದರೆ ಕತ್ತಿ ಹಾಳಾಗುತ್ತದೆ’ ಎಂಬ ಉತ್ತರ ಬಂದರೆ ಉಳಿದ ಮೂರನ್ನು ಕೇಳುವ ಅಗತ್ಯವಿಲ್ಲ.